ಅಡ್ಜಸ್ಟ್ ಮಾಡ್ಕೊಳ್ಳಿ: ಯಾರು, ಯಾವುದನ್ನು?

ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗ ನನಗೆ ಪೂರ್ತಿ ಅರ್ಥವಾದ ಮೊದಲ ಮಲಯಾಳಂ ಮಾತಿನಲ್ಲಿ ಮುಖ್ಯ ಪದವೇ ಮಲಯಾಳಂ ಆಗಿರಲಿಲ್ಲ. ಮನೆ ತೋರಿಸುತ್ತಿದ್ದ ಚೇಟ್ಟನ್ ಅಡುಗೆಮನೆಯ ನಲ್ಲಿ ತಿರುಗಿಸಿ, ಬೆಳಗಿನ ಹೊತ್ತು ನೀರು ಸಣ್ಣಗೆ ಬರುತ್ತದೆ ಎಂದು ತೋರಿಸಿ, "ಒನ್ನ್ ಅಡ್ಜಸ್ಟ್ ಚೆಯ್ಯಣಂ ಸಾರೇ" ಎಂದರು. ನಾನು ನಕ್ಕು ತಲೆಯಾಡಿಸಿದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದೇ ಮಾತನ್ನು ಕೇಳಿ, ಹೇಳಿ ಬಂದವನಿಗೆ ನಮ್ಮೂರಿನವರೇ ಸಿಕ್ಕಂತಾಯಿತು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವುದನ್ನು ನಾವು ಹೆಮ್ಮೆಯಿಂದಲೇ ಹೇಳುತ್ತೇವೆ. ಟೀ ಶರ್ಟಿನ ಮೇಲೆ ಅಚ್ಚು ಹಾಕಿಸುತ್ತೇವೆ. ಹೊರಗಿನಿಂದ ಬಂದವರಿಗೆ ಮೊದಲು ಕಲಿಸುವ ಕನ್ನಡವೂ ಅದೇ. ಕನ್ನಡಿಗರ ಸಹನೆ, ಸೌಜನ್ಯ ಎಲ್ಲವೂ ಆ ಮೂರು ಪದಗಳಲ್ಲಿ ಇದೆ ಎಂದು ನಾನೂ ನಂಬಿದ್ದೆ. ಕೊಚ್ಚಿಗೆ ಬಂದ ಮೇಲೆ ಅದೇ ಪದವನ್ನು ಇನ್ನೊಂದು ಭಾಷೆಯಲ್ಲಿ, ಸ್ವಲ್ಪ ದೂರದಲ್ಲಿ ನಿಂತು ಕೇಳಿದಾಗ ಆ ನಂಬಿಕೆ ಸಡಿಲವಾಯಿತು.

ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಒಂದು ಕರ್ಮಪದ ಬೇಕು. ಕನ್ನಡಿಯನ್ನೋ ಬೆಲ್ಟನ್ನೋ ಲೆಕ್ಕವನ್ನೋ ಅಡ್ಜಸ್ಟ್ ಮಾಡುತ್ತಾರೆ. ಮನುಷ್ಯ ತಾನೇ ಒಗ್ಗಿಕೊಳ್ಳುವ ಅರ್ಥವೂ ಅಲ್ಲಿ ಇದೆ, ಆದರೆ ಯಾವುದಕ್ಕೆ ಎಂದು ಜೊತೆಗೇ ಹೇಳುವುದು ವಾಡಿಕೆ. ಕನ್ನಡಕ್ಕೆ ಬಂದ ಪದ ಮೂರು ದಾರಿ ಹಿಡಿಯಿತು. "ಕೊನೇ ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಅಡ್ಜಸ್ಟ್ ಮಾಡಿ" ಎನ್ನುವಾಗ ಹೊಂದಿಸುವುದು ದುಡ್ಡನ್ನು. "ಅವರಿಬ್ಬರಿಗೂ ಅಡ್ಜಸ್ಟ್ ಆಗಲಿಲ್ಲ" ಎನ್ನುವಾಗ ಹೊಣೆ ಇಬ್ಬರದು, ಅಥವಾ ಯಾರದೂ ಅಲ್ಲ. "ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವಾಗ ಮಾತ್ರ ಕರ್ಮಪದ ಕಾಣೆಯಾಗುತ್ತದೆ, 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದ ಭಾರವನ್ನೆಲ್ಲ ಕೇಳುವವನ ಹೆಗಲಿಗೆ ಹಾಕುತ್ತದೆ. ಯಾವುದು ಕೆಟ್ಟಿದೆ, ಸರಿಮಾಡಬೇಕಾದವರು ಯಾರು ಎಂಬುದು ಮಾತಿನಲ್ಲೇ ಇರುವುದಿಲ್ಲ.

ಪದದ ಮೂಲವೂ ಸ್ವಾರಸ್ಯಕರ. ಹಳೆಯ ಫ್ರೆಂಚಿನ ಮೂಲಕ ಬಂದ ಈ ಪದದ ಲ್ಯಾಟಿನ್ ಬೇರಿಗೆ 'ಹತ್ತಿರ' ಎಂಬ ಅರ್ಥವಿದೆ. ಹತ್ತಿರ ತರು, ಜೋಡಿಸು ಎಂಬುದು ಹಳೆಯ ಅರ್ಥ. ರೂಪದ ಹೋಲಿಕೆಯಿಂದಾಗಿ ಮುಂದೆ ಜನ ಅದರಲ್ಲಿ 'ನ್ಯಾಯ'ದ ಬೇರನ್ನೂ ಕಂಡರು. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಕೊಡುವಾಗ ನಮ್ಮ ಅಡ್ಜಸ್ಟ್ ಹಳೆಯ ಅರ್ಥದಲ್ಲೇ ಇದೆ: ಹತ್ತಿರ ಸರಿಯುತ್ತೇವೆ. ಆ ಬಳಕೆಯ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಸರಿಯುವವರು ಮೂವರೂ, ಸರಿಯುವುದು ಇಳಿಯುವವರೆಗೆ ಮಾತ್ರ. ಒಬ್ಬರೇ, ಕೊನೆಯೇ ಇಲ್ಲದೆ ಸರಿಯುತ್ತಿರಬೇಕಾದ ಕಡೆಯೂ ಇದೇ ಪದ ಬಳಸುವುದು ತೊಂದರೆ.

2021ರ ಜನವರಿಯಲ್ಲಿ ಬಂದ, ಜಿಯೋ ಬೇಬಿ ನಿರ್ದೇಶನದ 'ದಿ ಗ್ರೇಟ್ ಇಂಡಿಯನ್ ಕಿಚನ್' ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ಅಡುಗೆಮನೆಯ ಸಿಂಕಿನ ಪೈಪು ಸೋರುತ್ತದೆ. ಪ್ಲಂಬರನ್ನು ಕರೆಸಿ ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ, ಗಂಡ ಮರೆಯುತ್ತಲೇ ಇರುತ್ತಾನೆ. ಅವಳು ಆ ಕೊಳೆನೀರಿನ ಜೊತೆಯಲ್ಲೇ ದಿನ ದೂಡುತ್ತಾಳೆ. ಇಡೀ ಸಿನಿಮಾ ಅಡ್ಜಸ್ಟ್ ಎಂಬ ಪದದ ವಿಮರ್ಶೆಯಂತೆ ನನಗೆ ಕಾಣುತ್ತದೆ: ಪೈಪನ್ನು ಸರಿಮಾಡದಿದ್ದರೆ ಹೆಂಗಸು 'ಸರಿಹೋಗ'ಬೇಕಾಗುತ್ತದೆ. ಗಂಡ ಕ್ರೂರಿಯಂತೆ ಕೂಗಾಡುವವನಲ್ಲ, ಮೆದುಮಾತಿನವನು. ನಮ್ಮ ಪದವೂ ಹಾಗೆಯೇ ಮೆದು. ಅದಕ್ಕೇ ಎದುರು ಮಾತಾಡುವುದು ಕಷ್ಟ.

ಪದಕ್ಕೆ ಬಗ್ಗದ ವಸ್ತುಗಳೂ ಇವೆ. ಆಫೀಸಿಗೆ ಹೋಗುವಾಗ ನಾನು ದಾಟುವ ಪಾಲಾರಿವಟ್ಟಂ ಮೇಲ್ಸೇತುವೆ 2016ರ ಅಕ್ಟೋಬರಿನಲ್ಲಿ ತೆರೆಯಿತು, 2019ರ ಮೇ ತಿಂಗಳಲ್ಲಿ ಮುಚ್ಚಿತು. ಐಐಟಿ ಮದ್ರಾಸಿನ ತಜ್ಞರು ಗರ್ಡರುಗಳಲ್ಲಿ ಬಿರುಕು ಕಂಡರು. ರಿಪೇರಿ ಸಾಕೇ, ಭಾರ ಹಾಕಿ ಪರೀಕ್ಷಿಸಬೇಕೇ, ಕೆಡವಿ ಕಟ್ಟಬೇಕೇ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಸೆಪ್ಟೆಂಬರಿನಲ್ಲಿ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ, ಇ. ಶ್ರೀಧರನ್ ಅವರ ಮೇಲ್ವಿಚಾರಣೆಯಲ್ಲಿ ದೆಹಲಿ ಮೆಟ್ರೋ ನಿಗಮ ಅದನ್ನು ಪುನರ್ನಿರ್ಮಿಸಿ, 2021ರ ಮಾರ್ಚ್ 7ರಂದು ಸಂಚಾರಕ್ಕೆ ಬಿಟ್ಟಿತು. ತಪ್ಪು ಯಾರದು ಎಂಬ ಮಾತು ನ್ಯಾಯಾಲಯಕ್ಕೆ ಸೇರಿದ್ದು. ನನಗೆ ಮುಖ್ಯವಾದದ್ದು ಬೇರೆ. ಸೇತುವೆ ಮುಚ್ಚಿದ್ದಷ್ಟು ದಿನ ಕೆಳಗಿನ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಊರಿನ ಜನ ಅಡ್ಜಸ್ಟ್ ಮಾಡಿಕೊಂಡರು. ಕಾಂಕ್ರೀಟು ಮಾತ್ರ ಮಾಡಿಕೊಳ್ಳಲಿಲ್ಲ. ಅದು ಬಿರುಕು ಬಿಟ್ಟು ತೋರಿಸಿತು, ಹಾಗಾಗಿ ಹೊಸದಾಯಿತು.

ಮನುಷ್ಯರ ಬಿರುಕು ಅಷ್ಟು ಬೇಗ ಕಾಣುವುದಿಲ್ಲ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ತಿಳಿಯಲು 2017ರಲ್ಲಿ ನೇಮಕವಾದ ನ್ಯಾಯಮೂರ್ತಿ ಹೇಮಾ ಸಮಿತಿ 2019ರ ಕೊನೆಯ ದಿನ ವರದಿ ಒಪ್ಪಿಸಿತು. ಅದು ಹೊರಬಂದದ್ದು 2024ರ ಆಗಸ್ಟ್ 19ರಂದು, ಅದೂ ಕೆಲವು ಭಾಗಗಳನ್ನು ತೆಗೆದು. 'ಅಡ್ಜಸ್ಟ್‌ಮೆಂಟ್' ಮತ್ತು 'ಕಾಂಪ್ರಮೈಸ್' ಎಂಬ ಎರಡು ಪದಗಳು ಆ ರಂಗದ ಹೆಂಗಸರಿಗೆ ಚಿರಪರಿಚಿತ ಎಂದು ವರದಿ ಗುರುತಿಸುತ್ತದೆ. ಲೈಂಗಿಕ ಬೇಡಿಕೆಗೆ ಒಪ್ಪಿಕೊಳ್ಳುವುದಕ್ಕೆ ಅಲ್ಲಿ ಇಟ್ಟ ಹೆಸರು ಅದು. ಶೂಟಿಂಗ್ ಜಾಗದಲ್ಲಿ ಶೌಚಾಲಯವಿಲ್ಲದೆ, ಆ ಕಾರಣಕ್ಕೇ ನೀರು ಕುಡಿಯದೆ ದಿನ ಕಳೆಯುವವರ ಮಾತೂ ಅದರಲ್ಲಿದೆ. ಓದುವಾಗ ನನಗೆ ಮುಜುಗರವಾದದ್ದು ಪದ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ. ನನ್ನ ಟೀ ಶರ್ಟಿನ ಪದವೇ ಅದು. ಕನ್ನಡ ಚಿತ್ರರಂಗಕ್ಕೂ ಇಂಥ ಸಮಿತಿ ಬೇಕೆಂದು ಅದೇ ವರ್ಷ ಬೆಂಗಳೂರಿನಲ್ಲಿ ಕೇಳಿದವರಿದ್ದಾರೆ, ಆದ್ದರಿಂದ ಇದು ಕೇರಳದ ಪದಕೋಶ ಮಾತ್ರ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಇದೆಲ್ಲ ಇಂಗ್ಲಿಷ್ ತಂದ ಕೆಡುಕು, ಕನ್ನಡ ಬಳಸಿದರೆ ಸರಿಹೋಗುತ್ತದೆ ಎನ್ನುವವರು ಇರಬಹುದು. ನಾನು ಒಪ್ಪುವುದಿಲ್ಲ. "ಅನುಸರಿಸಿಕೊಂಡು ಹೋಗಮ್ಮ" ಎಂದು ಮದುಮಗಳಿಗೆ ಹೇಳಿ ಕಳಿಸಿದ್ದು ಅಚ್ಚಕನ್ನಡದಲ್ಲೇ. ಆದರೆ ಕನ್ನಡದಲ್ಲಿ ಆಯ್ಕೆಗಳಿದ್ದವು: ಸುಧಾರಿಸಿಕೊಳ್ಳು, ತೂಗಿಸು, ಒಗ್ಗು, ಹೊಂದಿಸು, ನಿಭಾಯಿಸು, ಸಹಿಸು. ಒಂದೊಂದಕ್ಕೂ ಬೇರೆ ಬೇರೆ ತೂಕ. 'ಸಹಿಸಿ' ಎಂದು ಯಾರಿಗಾದರೂ ಹೇಳಬೇಕಾದರೆ ಹೇಳುವವನಿಗೇ ನಾಲಿಗೆ ತಡವರಿಸುತ್ತದೆ. 'ಅಡ್ಜಸ್ಟ್' ಬಂದು ಈ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿತು. ಸಹಿಸಿ ಎನ್ನಬೇಕಾದ ಕಡೆ ಸುಧಾರಿಸಿಕೊಳ್ಳಿ ಎಂಬ ದನಿಯಲ್ಲಿ ಹೇಳಲು ಅನುಕೂಲ ಮಾಡಿಕೊಟ್ಟಿತು.

ಈ ಅನುಕೂಲ ನಾನೂ ಪಡೆದಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಅಡ್ಜಸ್ಟ್ ಮಾಡಲು ಬೇಕಾದಷ್ಟು ವಸ್ತುಗಳಿವೆ: ಕೆಲಸದ ವ್ಯಾಪ್ತಿ, ಗಡುವು, ಜನರ ಸಂಖ್ಯೆ. ಮೂರಕ್ಕೂ ಮೇಲಿನವರ ಹತ್ತಿರ ಹೋಗಿ ವಾದ ಮಾಡಬೇಕು. ಅದಕ್ಕಿಂತ ಸುಲಭ ಶುಕ್ರವಾರ ಸಂಜೆ ತಂಡದ ಕಡೆ ತಿರುಗಿ, "ಈ ವೀಕೆಂಡ್ ಒಂದು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವುದು. ಒಮ್ಮೆ ತಂಡದ ಹುಡುಗಿಯೊಬ್ಬಳು, ತಿಂಗಳಲ್ಲಿ ಮೂರನೇ ಸಲ ಹಾಗೆ ಹೇಳಿದಾಗ, ಸಿಟ್ಟಿಲ್ಲದೆ ಕೇಳಿದಳು: "ಏನನ್ನ ಅಡ್ಜಸ್ಟ್ ಮಾಡ್ಬೇಕು ಸರ್? ಡೇಟಾ, ನಾನಾ?" ನನ್ನ ಬಳಿ ಉತ್ತರವಿರಲಿಲ್ಲ. ಸೋಮವಾರ ಹೋಗಿ ಗಡುವಿನ ಮಾತಾಡಿದೆ. ನಾಲ್ಕು ದಿನ ಸಿಕ್ಕಿತು. ಮೊದಲೇ ಕೇಳಿದ್ದರೆ ಮೊದಲೇ ಸಿಗುತ್ತಿತ್ತು.

ಪದವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬಿಟ್ಟರೂ ಅದು ನಮ್ಮನ್ನು ಬಿಡುವುದಿಲ್ಲ. ಕಳೆದುಹೋದ ಕರ್ಮಪದವನ್ನು ಅದಕ್ಕೆ ವಾಪಸ್ಸು ಕೊಡೋಣ ಎನ್ನುವುದಷ್ಟೇ ನನ್ನ ಮಾತು. ಯಾರಾದರೂ ಅಡ್ಜಸ್ಟ್ ಮಾಡಿಕೊಳ್ಳಿ ಎಂದರೆ ಯಾವುದನ್ನು, ಎಷ್ಟು ದಿನ, ನಿಮ್ಮ ಕಡೆಯಿಂದ ಏನು ಎಂದು ಕೇಳಬಹುದು. ನಾವೇ ಹೇಳುವ ಮೊದಲು ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಅಂದಹಾಗೆ, ನಮ್ಮ ಅಡುಗೆಮನೆಯ ನಲ್ಲಿಗೆ ಎರಡು ವರ್ಷ ನಾವು ಅಡ್ಜಸ್ಟ್ ಮಾಡಿಕೊಂಡೆವು. ನಾವು ಅಂದರೆ ನನ್ನ ಹೆಂಡತಿ. ರಾತ್ರಿ ಬಕೆಟ್ ತುಂಬಿಸಿಡುತ್ತಿದ್ದವಳು ಅವಳು. ಕೊನೆಗೆ ಅವಳೇ ಪ್ಲಂಬರನ್ನು ಕರೆಸಿದಳು. ಅವನು ಟೆರೇಸಿಗೆ ಹೋಗಿ, ಅರ್ಧ ಮುಚ್ಚಿಕೊಂಡಿದ್ದ ವಾಲ್ವನ್ನು ತಿರುಗಿಸಿ ಐದು ನಿಮಿಷದಲ್ಲಿ ಕೆಳಗಿಳಿದ. "ಅಡ್ಜಸ್ಟ್ ಚೆಯ್ದು ಚೇಚ್ಚೀ" ಎಂದ. ಆ ಪದವನ್ನು ಅಷ್ಟು ಸರಿಯಾಗಿ ಬಳಸಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.