ಗಾಳಿಗೆ ಕಟ್ಟಿದ ಮೈ

ಈ ಬಾರಿ ಅಡಕೆಯ ಕೊನೆಕೊಯ್ಲು ಮೊದಲಾದ ಮಾರನೆಯ ದಿನವೇ, ಬೆಂಗಳೂರಿನಲ್ಲಿ ಕಂಪ್ಯೂಟರಿನೆದುರು ಕುಳಿತು ಅನ್ನ ಸಂಪಾದಿಸುವ ನನ್ನ ಸೋದರಳಿಯನು ರಾಮೇಶ್ವರದಿಂದ ನೆಟ್ಟಗೆ ನಮ್ಮೂರಾದ ತ್ಯಾಗಲಿಗೆ ಬಂದಿಳಿದನು. ರಾಮೇಶ್ವರವೆಂದೊಡನೆ ಮನೆಯ ಹಿರಿಯರು ತೀರ್ಥಪ್ರಸಾದಕ್ಕೆ ಕೈಚಾಚಿದ್ದು ಸಹಜವೇ. ಆದರೆ ಅವನ ಚೀಲದಿಂದ ಹೊರಬಂದದ್ದು ಉಪ್ಪುಗಟ್ಟಿದ ಎರಡು ಅಂಗಿಗಳು ಮಾತ್ರ. ಮೂಗಿನ ತುದಿ ಸುಲಿದು, ಅಂಗೈಗಳಲ್ಲಿ ಬೊಕ್ಕೆಯೆದ್ದು, ಸೊಂಟದ ಸುತ್ತಲೂ ನೀಲಿಗಟ್ಟಿದ ಪಟ್ಟೆಯೊಂದನ್ನು ಹೊತ್ತು ನಿಂತಿದ್ದ ಆ ಯಾತ್ರಿಕನು, ತಾನು ಹತ್ತು ದಿನಗಳ ಕಾಲ ಅಲ್ಲಿಯ ಸಮುದ್ರದಲ್ಲಿ, ಗಾಳಿಪಟದ ಸೆಳೆತದಿಂದ ಹಲಗೆಯ ಮೇಲೆ ನಿಂತು ಸಾಗುವ ಕೈಟ್‌ಸರ್ಫಿಂಗ್ ಕಲಿತು ಬಂದವನೆಂದೂ, ಅಷ್ಟರಲ್ಲಿಯೇ ತನ್ನ ಬೆಲ್ಟು ಒಂದು ತೂತಿನಷ್ಟು ಒಳಕ್ಕೆ ಸರಿದಿದೆಯೆಂದೂ ಜಗಲಿಯ ಮೇಲೆ ಸಾರಿದನು. “ಜಿಮ್ಮಿಗೆ ದುಡ್ಡು ಸುರಿಯದ್ಕಿಂತ ಇದು ಅಡ್ಡಿಲ್ಲೆ, ಅಲ್ದಾ ಮಾವಾ? ಅಂಕಣದಲ್ಲಿ ಒಂದ್ಸಲ ಬರಿ ನೋಡನ” ಎಂದನು.

ಈಜು, ದೋಣಿ, ಬೆಟ್ಟದ ನಡಿಗೆ ಮೊದಲಾದ ದೇಹಶ್ರಮದ ವಿನೋದಗಳನ್ನು ಕುರಿತು ವಾರಕ್ಕೊಮ್ಮೆ ಬರೆಯುವ ಚಟ ಹತ್ತಿಸಿಕೊಂಡವನಾದ ನಾನು, ಅಡಕೆ ಸುಲಿಯುವ ರಾತ್ರಿಗಳಲ್ಲಿ ಆ ಪ್ರಶ್ನೆಯನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಆಟವು ಸೊಗಸಾದದ್ದು ಎಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಸೊಗಸಾದದ್ದೆಲ್ಲವೂ ಮೈಯನ್ನು ಗಟ್ಟಿಮಾಡುತ್ತದೆಯೆಂಬ ಅವನ ನಂಬಿಕೆಯಲ್ಲಿ ಮಾತ್ರ ನನಗೆ ಸಂದೇಹ.

ಗಾಳಿಪಟದ ಬಲವನ್ನು ಎಳೆತಕ್ಕೆ ಹೂಡುವ ಯೋಚನೆ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಉಪಾಧ್ಯಾಯನಾದ ಜಾರ್ಜ್ ಪೊಕಾಕ್ ಎಂಬಾತನು ಪಟಗಳಿಂದ ಎಳೆಯಿಸಿಕೊಳ್ಳುವ ಗಾಡಿಯೊಂದಕ್ಕೆ 1826ರಲ್ಲಿಯೇ ಪೇಟೆಂಟ್ ಪಡೆದಿದ್ದನು. 1903ರಲ್ಲಿ ಸ್ಯಾಮ್ಯುಯಲ್ ಕೋಡಿ ಎಂಬ ಸಾಹಸಿಯು ಪಟಗಳು ಎಳೆದ ದೋಣಿಯಲ್ಲಿ ಕುಳಿತು ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಣ ಕಡಲನ್ನು ದಾಟಿದನು. ಆದರೆ ನೀರಿಗೆ ಬಿದ್ದ ಪಟವು ಮತ್ತೆ ಮೇಲೇಳದಿದ್ದರೆ ಆಟ ಅಲ್ಲಿಗೇ ಮುಗಿಯಿತಷ್ಟೆ. ಫ್ರಾನ್ಸಿನ ಬ್ರಿಟನಿ ತೀರದ ಲೆಗೆನ್ಯೂ ಸಹೋದರರು, ಅಂಚಿನ ಕೊಳವೆಯಲ್ಲಿ ಗಾಳಿ ತುಂಬಿಸಿ, ನೀರಿನ ಮೇಲಿಂದಲೇ ಮತ್ತೆ ಹಾರಿಸಬಲ್ಲ ಪಟವೊಂದನ್ನು ರೂಪಿಸಿ 1984ರಲ್ಲಿ ಅದಕ್ಕೆ ಪೇಟೆಂಟ್ ಕೋರಿದ ತರುವಾಯವೇ ಈ ವಿನೋದಕ್ಕೆ ಈಗಿನ ರೂಪು ಬಂದುದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಮಾರ್ಸೆಯ್ ನಗರದ ಕಡಲಿನಲ್ಲಿ, ಅದು ಮೊದಲ ಬಾರಿಗೆ ಪದಕದ ಪಂದ್ಯವಾಯಿತು. ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಮತ್ತು ಆಸ್ಟ್ರಿಯಾದ ವಾಲೆಂಟಿನ್ ಬೊಂಟಸ್ ಚಿನ್ನವನ್ನು ಗೆದ್ದರು.

ಆಟದ ಸಲಕರಣೆಯಲ್ಲಿ ನನ್ನ ಗಮನವನ್ನು ಸೆಳೆದದ್ದು ಪಟವೂ ಅಲ್ಲ, ಕಾಲಿಗೆ ಸಿಕ್ಕಿಸುವ ಹಲಗೆಯೂ ಅಲ್ಲ; ಸೊಂಟದ ಪಟ್ಟಿ. ಹತ್ತು ಹನ್ನೆರಡು ಚದರ ಮೀಟರಿನಷ್ಟು ಹರಹುಳ್ಳ ಪಟವು ಇಪ್ಪತ್ತು ಮೀಟರಿಗೂ ಮಿಗಿಲಾದ ದಾರಗಳ ತುದಿಯಲ್ಲಿ ಗಾಳಿಯನ್ನು ಕುಡಿದು ಎಳೆಯುವಾಗ, ಆ ಎಳೆತವನ್ನೆಲ್ಲ ಕೈಗಳಿಂದಲೇ ಹಿಡಿಯಹೊರಟರೆ ಎಂತಹ ಮಲ್ಲನ ತೋಳಾದರೂ ಕೆಲವು ನಿಮಿಷಗಳಲ್ಲಿ ಸೋತೀತು. ಆದುದರಿಂದ ಕೈಯಲ್ಲಿರುವ ಹಿಡಿಕೋಲಿನ ನಡುವಣ ಕುಣಿಕೆಯನ್ನು ಸೊಂಟದ ಪಟ್ಟಿಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ಭಾರವನ್ನು ಸೊಂಟ ಹೊರುತ್ತದೆ, ಕೈಗಳಿಗೆ ಉಳಿಯುವುದು ಚುಕ್ಕಾಣಿಯ ಕೆಲಸ. ನನ್ನ ಅಳಿಯನ ಮೈಮೇಲಿನ ನೀಲಿ ಪಟ್ಟೆಯು ಈ ಕೊಕ್ಕೆಯ ಮುದ್ರೆ. ಅಂಗೈಯ ಬೊಕ್ಕೆಗಳಾದರೋ, ಕೊಕ್ಕೆಯನ್ನು ನಂಬದೆ ಹಿಡಿಕೋಲನ್ನು ಬಿಗಿಹಿಡಿದ ಅವನ ಭಯದ ಮುದ್ರೆಗಳು.

ಇದನ್ನು ಅವನು ವಿವರಿಸುತ್ತಿದ್ದಾಗ ನಮ್ಮ ತೋಟದಲ್ಲಿ ಅಡಕೆಕೊನೆ ಕೊಯ್ಯುವ ಕೊನೆಗೌಡನು ಮರದ ತುದಿಯಲ್ಲಿದ್ದನು. ಪಾದಗಳೆರಡನ್ನೂ ಹಗ್ಗದ ಬಳೆಯೊಂದರಲ್ಲಿ ಸಿಕ್ಕಿಸಿಕೊಂಡು, ಕೂರಲೊಂದು ಸಣ್ಣ ಮಣೆಯನ್ನು ಕಾಂಡಕ್ಕೆ ಬಿಗಿದು, ಕತ್ತರಿಸಿದ ಕೊನೆಯನ್ನು ನೇಣಿನ ಮೇಲೆ ಜಾರಿಸಿ, ಆ ಮರವನ್ನೇ ತೂಗಿ ಬಗ್ಗಿಸಿ ಪಕ್ಕದ ಮರವನ್ನು ಕೈಗೆ ತಂದುಕೊಂಡು, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟುವ ಆ ವಿದ್ಯೆಯನ್ನು ಕಂಡವರಿಗೆ, ಕಡಲಿನ ಸವಾರನ ಸೊಂಟದ ಪಟ್ಟಿಯಲ್ಲಿ ಹೊಸದೇನೂ ತೋರಲಾರದು. ಮೈಯ ಭಾರವನ್ನು ತೋಳಿಗೆ ಹೊರಿಸಬಾರದೆಂಬ ಒಂದೇ ಸೂತ್ರವನ್ನು ಅಡಕೆಮರವೂ ಗಾಳಿಪಟವೂ ಬೇರೆ ಬೇರೆಯಾಗಿ ಕಲಿಸಿವೆ. ಮಧ್ಯಾಹ್ನ ಆಸರಿಗೆ ಕುಡಿಯಲು ಅಂಗಳಕ್ಕೆ ಬಂದ ಕೊನೆಗೌಡನನ್ನು, ದಿನವಿಡೀ ಮೇಲೆಯೇ ಇದ್ದು ಸುಸ್ತಾಗುವುದಿಲ್ಲವೇ ಎಂದು ಕೇಳಿದೆನು. “ಸುಸ್ತು ಆಗೂದು ಕಲಿಯೂ ತನಕ, ಹೆಗಡೇರೇ. ಕಲ್ತ ಮೇಲೆ ಮರವೇ ನಮ್ಮನ್ನ ಹೊತ್ಕಂತದೆ” ಎಂದು ಅವನು ಎಲೆಗೆ ಸುಣ್ಣ ಸವರಿದನು.

ನನ್ನ ಅಳಿಯನ ಪ್ರಶ್ನೆಗೆ ಉತ್ತರ ಈ ಮಾತಿನಲ್ಲಿಯೇ ಉಂಟು. ಕೈಟ್‌ಸರ್ಫಿಂಗಿನಲ್ಲಿ ಬೆವರು ಹರಿಯುವುದು ವಿದ್ಯೆ ಬಾರದಿರುವ ದಿನಗಳಲ್ಲಿ. ಹೊಸಬನು ಮೊದಲು ಹಲಗೆಯಿಲ್ಲದೆ ಪಟದ ಹಿಂದೆ ನೀರಿನಲ್ಲಿ ಮೈಯೆಳೆಯಿಸಿಕೊಳ್ಳುತ್ತಾನೆ; ಹಲಗೆ ಸಿಕ್ಕಿದ ಮೇಲೆ ಏಳುತ್ತಾನೆ, ಬೀಳುತ್ತಾನೆ, ಉಪ್ಪುನೀರು ಕುಡಿಯುತ್ತಾನೆ, ಮತ್ತೆ ಏಳುತ್ತಾನೆ. ಗಾಳಿ ಬೀಸಿಬರುವ ದಿಕ್ಕಿಗೆ ಓರೆಯಾಗಿ ಏರಿ ಹೊರಟಲ್ಲಿಗೇ ಹಿಂದಿರುಗುವ ಕೌಶಲ ಅವನಿಗಿನ್ನೂ ಬಂದಿರುವುದಿಲ್ಲವಾಗಿ, ಗಾಳಿ ಎಲ್ಲಿಗೆ ತಳ್ಳಿತೋ ಅಲ್ಲಿ ದಡಕ್ಕೆ ಹತ್ತಿ, ಸೆಳೆಯುವ ಪಟವನ್ನು ತಲೆಯ ಮೇಲೆ ಹಿಡಿದು, ಹಲಗೆಯನ್ನು ಕಂಕುಳಲ್ಲಿರಿಸಿಕೊಂಡು, ಕಾಲು ಹೂಳುವ ಮರಳಿನಲ್ಲಿ ಎದುರುಗಾಳಿಗೆ ಎದೆಕೊಟ್ಟು ಅಷ್ಟು ದೂರವನ್ನೂ ನಡೆದು ಬರಬೇಕು. ಬೆಲ್ಟಿನ ಆ ಒಂದು ತೂತನ್ನು ಗೆದ್ದುಕೊಟ್ಟದ್ದು ಕಡಲಿನ ಸವಾರಿಯೆಂದು ಅಳಿಯನ ಎಣಿಕೆ. ಮರಳಿನ ಮೇಲಿನ ಈ ನಾಚಿಕೆಯ ನಡಿಗೆಯೆಂದು ನನ್ನ ಎಣಿಕೆ. ನುರಿತವನಿಗೆ ಆ ನಡಿಗೆ ಇಲ್ಲ. ಅವನನ್ನು ಗಾಳಿಯೇ ಹೊತ್ತುಕೊಳ್ಳುತ್ತದೆ. ಕೌಶಲ ಬೆಳೆದಂತೆಲ್ಲ ಶ್ರಮ ಇಳಿಯುವ ಈ ಆಟವನ್ನು ಶ್ರಮಕ್ಕಾಗಿಯೇ ಹಿಡಿದವನು, ಪಾರಂಗತನಾದ ದಿನ ಬರಿಗೈಯಲ್ಲಿ ನಿಲ್ಲುತ್ತಾನೆ.

ಹೀಗೆಂದ ಮಾತ್ರಕ್ಕೆ ನುರಿತವನ ಮೈಗೆ ಕೆಲಸವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹಲಗೆಯ ಅಂಚನ್ನು ನೀರಿಗೆ ಒತ್ತಿ, ಮಂಡಿಗಳನ್ನು ಮಡಿಸಿ, ಬೆನ್ನನ್ನು ಹಿಂದಕ್ಕೆ ಚೆಲ್ಲಿ ನಿಲ್ಲುವ ಆ ಭಂಗಿಯು ಯೋಗಾಭ್ಯಾಸಿಗಳ ಉತ್ಕಟಾಸನಕ್ಕೆ ಹತ್ತಿರದ ಬಂಧು. ಅದನ್ನು ಅಲುಗಾಡುವ ನೀರಿನ ಮೇಲೆ, ಸೆಳೆತದೊಡನೆ ಸೆಣಸುತ್ತ, ಗಳಿಗೆಗಟ್ಟಲೆ ಹಿಡಿದಿರುವುದರಿಂದ ತೊಡೆ, ಪೃಷ್ಠ, ಹೊಟ್ಟೆ ಮತ್ತು ಬೆನ್ನುಮೂಳೆಯ ಇಕ್ಕೆಲದ ಸ್ನಾಯುಗಳಿಗೆ ನಿಜವಾದ ದುಡಿಮೆಯುಂಟು. ಅದಕ್ಕೂ ಮಿಗಿಲಾಗಿ, ಕಣ್ಣು, ಕಿವಿ, ಅಂಗಾಲು ಒಟ್ಟಾಗಿ ನಡೆಸುವ ಸಮತೋಲದ ಸಾಧನೆಗೆ ಇದಕ್ಕಿಂತ ಚುರುಕಾದ ಪಾಠಶಾಲೆ ವಿರಳ. ಅರ್ಧದಿನ ಕುರ್ಚಿಯಲ್ಲಿ ಕಳೆಯುವವನಿಗೆ ಇವು ಸಣ್ಣ ಲಾಭಗಳೇನಲ್ಲ. ಆದರೆ ಇವೆಲ್ಲವೂ ಮೊದಲೇ ಒಂದಷ್ಟು ಗಟ್ಟಿಯಾಗಿರುವ ಮೈಗೆ ದೊರೆಯುವ ಬಡ್ಡಿ. ಅಸಲು ಬೇರೆಡೆಯಿಂದ ಬರಬೇಕು.

ಏಕೆಂಬುದನ್ನು ಆಯುರ್ವೇದಾಚಾರ್ಯನಾದ ವಾಗ್ಭಟನಿಂದ ಅರಿಯಬಹುದು. ಬಲವುಳ್ಳವರೂ ಜಿಡ್ಡಿನ ಆಹಾರವನ್ನು ಉಣ್ಣುವವರೂ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರವೇ ವ್ಯಾಯಾಮ ಮಾಡಬೇಕು, ಮಿಕ್ಕ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಸಾಕು ಎಂಬುದು ಅವನ ಅಷ್ಟಾಂಗಹೃದಯದ ವಿಧಿ. ವ್ಯಾಯಾಮದ ಅಳತೆ ಮಾಡುವವನ ಕೈಯಲ್ಲಿರಬೇಕೆಂಬುದು ಇದರ ತಾತ್ಪರ್ಯ. ನಡೆಯುವವನು ನಿಲ್ಲಬಲ್ಲನು, ದಂಡ ಹೊಡೆಯುವವನು ಹತ್ತಕ್ಕೇ ಸಾಕೆನ್ನಬಲ್ಲನು. ಗಾಳಿಗೆ ಕಟ್ಟಿಕೊಂಡವನಿಗೆ ಆ ಸ್ವಾತಂತ್ರ್ಯ ಅರೆಬರೆಯಾಗಿ ಮಾತ್ರ ಉಂಟು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಮಡಿಯಾಗುವುದು ಪ್ರಕೃತಿಯ ಲೆಕ್ಕ. 12 ನಾಟ್, ಎಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದ ಗಾಳಿಯು ಒಂದೇ ಬೀಸಿನಲ್ಲಿ 18 ನಾಟ್‌ಗೆ ಏರಿದರೆ, ಪಟದ ಮೇಲಣ ಬಲವು ಒಂದೂವರೆಪಟ್ಟಾಗುವುದಿಲ್ಲ, ಎರಡೂಕಾಲುಪಟ್ಟಾಗುತ್ತದೆ. ಹಿಡಿಕೋಲನ್ನು ದೂರ ತಳ್ಳಿ ಸೆಳೆತವನ್ನು ಇಳಿಸುವ ಉಪಾಯವಿದೆ, ಪ್ರಾಣಕ್ಕೆ ಬಂದಾಗ ಪಟವನ್ನು ಕಳಚಿಬಿಡುವ ಬೀಗವೂ ಇದೆ. ಆದರೆ ಅವನ್ನು ಸಕಾಲದಲ್ಲಿ ಬಳಸಲು ದಣಿಯದ ಮೈ, ಬೆದರದ ಮನಸ್ಸು ಎರಡೂ ಬೇಕು. ದುರ್ಬಲನು ಬಲ ಗಳಿಸಲು ಹೋಗುವ ಸ್ಥಳ ಅದಲ್ಲ.

ಎರಡನೆಯ ತೊಡಕು ಪಂಚಾಂಗದ್ದು. ವಯಸ್ಕನು ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ಶ್ರಮವನ್ನೋ ಅದರ ಅರ್ಧದಷ್ಟು ತೀವ್ರ ಶ್ರಮವನ್ನೋ ಮಾಡಿ, ಅದರೊಡನೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಮುಖ್ಯವಾದ ಪದ ‘ವಾರಕ್ಕೆ’ ಎಂಬುದು. ಗಾಳಿಗೆ ವಾರವಿಲ್ಲ. ನಮ್ಮ ಜಿಲ್ಲೆಯ ಕಡಲಿನಲ್ಲಿ ಗಾಳಿ ಪೂರ್ಣಪ್ರತಾಪದಿಂದ ಬೀಸುವ ಆರಿದ್ರಾ, ಪುನರ್ವಸು ಮಳೆಗಳ ಕಾಲದಲ್ಲಿ ಸಮುದ್ರವು ಯಾರನ್ನೂ ಹತ್ತಿರ ಸೇರಿಸದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷಿದ್ಧವಾಗಿರುವಾಗ ಪಟ ಹಿಡಿದವನ ಪಾಡೇನು! ಬೇಸಗೆಯ ಅಪರಾಹ್ನಗಳಲ್ಲಿ, ಕಾದ ನೆಲದ ಮೇಲಣ ಗಾಳಿ ಮೇಲೇರಿ ಆ ಎಡೆಗೆ ಕಡಲಿನ ತಂಪುಗಾಳಿ ನುಗ್ಗಿಬರುವುದೇನೋ ನಿಜ. ಅದೂ ಒಂದು ದಿನ ಪಟ ಎತ್ತುವಷ್ಟು, ಮರುದಿನ ಬರಿಯ ಪಂಚೆ ಒಣಗಿಸುವಷ್ಟು. ದೇವಿಮನೆ ಘಟ್ಟವನ್ನಿಳಿದು ಕುಮಟೆಯ ದಡಕ್ಕೆ ಹೋಗಿ ಗಾಳಿಗಾಗಿ ಕಾದು ಕೂರುವ ದಿನ, ವ್ಯಾಯಾಮವಾಗುವುದು ಬಸ್ಸಿಗೆ ಮಾತ್ರ.

ಕಡಲನ್ನೇ ಒಲಿದವರಿಗೆ ಶ್ರಮದ ದೃಷ್ಟಿಯಿಂದ ಇದಕ್ಕಿಂತ ಪ್ರಾಮಾಣಿಕವಾದ ಆಟವೊಂದು ನಮ್ಮ ನಾಡಿನಲ್ಲಿಯೇ ಉಂಟು. ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಮೊದಲಾದಂದಿನಿಂದ ಅಲೆಸವಾರಿಯು ತುಳುನಾಡಿನ ತೀರದಲ್ಲಿ ಬೇರೂರಿ, ಸಸಿಹಿತ್ಲು ಕಡಲತೀರವು ರಾಷ್ಟ್ರಮಟ್ಟದ ಪಂದ್ಯಗಳನ್ನೂ ಕಂಡಿದೆ. ಅಲೆಯ ಮೇಲೆ ನಿಂತು ಬರುವ ಸುಖ ಕೆಲವೇ ಕ್ಷಣಗಳದು. ಉಳಿದ ಹೊತ್ತೆಲ್ಲ ಹಲಗೆಯ ಮೇಲೆ ಬೋರಲು ಮಲಗಿ ತೋಳುಗಳಿಂದ ನೀರನ್ನು ಬಗೆಬಗೆದು ಮುಂದೆ ಸಾಗುವುದಕ್ಕೂ ತಕ್ಕ ಅಲೆಗಾಗಿ ಕಾಯುವುದಕ್ಕೂ ಮೀಸಲು. ಅಲ್ಲಿ ನುರಿತವನಾದರೂ ತೋಳಿನ ಕಪ್ಪವನ್ನು ಒಪ್ಪಿಸದೆ ಅಲೆಯನ್ನು ಪಡೆಯಲಾರನು. ಗಾಳಿಪಟವು ಆ ಕಪ್ಪವನ್ನು ಮನ್ನಾ ಮಾಡುತ್ತದೆ. ಅದರ ಸುಖವೂ ಅದೇ, ವ್ಯಾಯಾಮವಾಗಿ ಅದರ ಕೊರತೆಯೂ ಅದೇ.

ಹಾಗಾದರೆ ಅಳಿಯನು ಅದನ್ನು ಬಿಡಬೇಕೆ? ಬಿಡಬಾರದೆಂದೇ ನನ್ನ ಮತ. ನಮ್ಮ ಸೀಮೆಯ ಯಕ್ಷಗಾನ ಕಲಾವಿದರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಿದ್ದರು. ಮಂಡಿಯ ಮೇಲೆ ಗಿರ್ರನೆ ತಿರುಗುವ ಬಡಗಿನ ಕುಣಿತವು ಒಳ್ಳೆಯ ವ್ಯಾಯಾಮವೇ ಎಂದು ಅವರನ್ನು ಯಾರಾದರೂ ಕೇಳಿದ್ದರೆ, ಪ್ರಶ್ನೆಯೇ ಅರ್ಥವಾಗದೆ ನಕ್ಕುಬಿಡುತ್ತಿದ್ದರೇನೋ. ಆರೋಗ್ಯಕ್ಕಾಗಿ ಗೆಜ್ಜೆ ಕಟ್ಟಿದವರನ್ನು ನಾನು ಕಂಡಿಲ್ಲ; ಗೆಜ್ಜೆ ಕಟ್ಟಬೇಕೆಂಬ ಆಸೆಯಿಂದ ಮೈಯನ್ನು ಅಣಿಯಾಗಿಟ್ಟುಕೊಂಡವರನ್ನು ಬೇಕಾದಷ್ಟು ಮಂದಿ ಕಂಡಿದ್ದೇನೆ. ಗಾಳಿಪಟಕ್ಕೂ ಅದೇ ಸ್ಥಾನ ಸಲ್ಲಲಿ. ವರ್ಷಕ್ಕೊಮ್ಮೆ ಹತ್ತು ದಿನ ಕಡಲಿಗಿಳಿಯುವುದಕ್ಕಾಗಿ ಉಳಿದ ದಿನಗಳಲ್ಲಿ ಈಜುವುದು, ಮೆಟ್ಟಿಲು ಹತ್ತುವುದು, ಬೈಠಕ್ ಹೊಡೆಯುವುದು, ಊರಿಗೆ ಬಂದಾಗ ಸೊಪ್ಪಿನಬೆಟ್ಟವನ್ನೇರಿ ಹೊರೆಯೊಡನೆ ಇಳಿಯುವುದು, ಇಷ್ಟನ್ನು ಅವನು ಒಪ್ಪಿಕೊಂಡರೆ, ಆ ಆಟವು ಪರೋಕ್ಷವಾಗಿ ಅವನ ಮೈಯನ್ನು ಕಾಯ್ದೀತು.

ಇದನ್ನೆಲ್ಲ ಹೇಳಿ ಕಳುಹಿಸಿದ್ದೆನು. ಶಿವರಾತ್ರಿಗೆ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋದಾಗ ಅವನೂ ಬೆಂಗಳೂರಿನಿಂದ ಬಂದು ಕೂಡಿಕೊಂಡನು. ಅಪರಾಹ್ನ ದಡದಲ್ಲಿ ನಿಂತು, ಒದ್ದೆ ಮರಳನ್ನು ಹಿಡಿಹಿಡಿಯಾಗಿ ಎತ್ತಿ ಬಿಟ್ಟು, ಗಾಳಿ ವಾಯವ್ಯದಿಂದ ಓರೆಯಾಗಿ ಬರುತ್ತಿದೆಯೆಂದೂ, ನೆಟ್ಟಗೆ ದಡದ ಮೇಲೆ ಎಸೆಯದ, ದಡದಿಂದ ಆಚೆಗೂ ಒಯ್ಯದ ಇಂತಹ ಗಾಳಿಯೇ ಉತ್ತಮವೆಂದೂ ಪಂಡಿತನಂತೆ ವಿವರಿಸಿದನು. ಒದ್ದೆ ಮರಳು ಗಾಳಿಗೆ ಹಾರದೆ ಕಾಲಬುಡದಲ್ಲಿಯೇ ಬಿದ್ದುದನ್ನು ನಾನು ಎತ್ತಿ ಆಡಲಿಲ್ಲ. ನನ್ನ ಕಣ್ಣು ಅವನ ಬೆಲ್ಟಿನ ಮೇಲಿತ್ತು. ಅದು ಹಳೆಯ ತೂತಿಗೆ ಮರಳಿ ಬಹಳ ದಿನಗಳಾದಂತಿತ್ತು. ನಾನು ನೋಡಿದ್ದನ್ನು ಅವನೂ ನೋಡಿದನು. “ಹಲಗೆ ಇಲ್ಲೆ, ಪಟ ಇಲ್ಲೆ, ಎಂತ ಮಾಡದು ಮಾವಾ?” ಎಂದನು. ಜಾತ್ರೆಯ ಗದ್ದಲ ಕೇಳಿಸದಷ್ಟು ದೂರ ಚಾಚಿದ ಮರಳನ್ನು ತೋರಿಸಿ, ಎದುರುಗಾಳಿಗೆ ಮುಖಮಾಡಿ ನಡೆಯತೊಡಗಿದೆನು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಅವನ ಏದುಸಿರು ಕೇಳಿಸಿತು.