ಮಳೆ ಬೇಡುವವನೊಬ್ಬ ಬೇಕಿತ್ತು

ಬೈಬಲಿನ ಆದಿಕಾಂಡದ ಸೃಷ್ಟಿಕಥೆಯ ಮಾತು ಬಂದರೆ ಸಾಕು, ಓದಿಕೊಂಡವರು ಒಂದೇ ಉಸಿರಿಗೆ ತೀರ್ಪು ಕೊಡುತ್ತಾರೆ: ‘ಅದೆಲ್ಲ ಬ್ಯಾಬಿಲೋನಿನಿಂದ ಎತ್ತಿದ್ದು.’ ಈಚೆಗೆ ಒಂದು ವಿಚಾರಗೋಷ್ಠಿಯಲ್ಲಿ ಇದೇ ಮಾತು ಮತ್ತೆ ಕಿವಿಗೆ ಬಿತ್ತು. ಹೇಳಿದವರು ಮುಂದಿನ ವಿಷಯಕ್ಕೆ ಹೋದರು, ಸಭೆ ತಲೆದೂಗಿತು. ನನಗೆ ಆ ಮೇಲೆ ಅಲ್ಲಿ ಕೂರಲಾಗಲಿಲ್ಲ.

ಈ ತೀರ್ಪು ಹಳೆಯದು. ನಿನೆವೆಯಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳನ್ನು ಓದಿ ಇಂಗ್ಲಿಷ್ ವಿದ್ವಾಂಸ ಜಾರ್ಜ್ ಸ್ಮಿತ್ 1876ರಲ್ಲಿ ಬ್ಯಾಬಿಲೋನಿನ ಸೃಷ್ಟಿಕಾವ್ಯ ‘ಎನೂಮ ಎಲಿಶ್’ನ ಭಾಗಗಳನ್ನು ಬೆಳಕಿಗೆ ತಂದ. 1902ರ ಜನವರಿಯಲ್ಲಿ ಜರ್ಮನ್ ವಿದ್ವಾಂಸ ಫ್ರೀಡ್ರಿಖ್ ಡೆಲಿಟ್ಷ್ ಬರ್ಲಿನ್ನಿನಲ್ಲಿ, ಜರ್ಮನ್ ಚಕ್ರವರ್ತಿ ಕೈಸರನ ಎದುರಿಗೇ, ‘ಬಾಬೆಲ್ ಮತ್ತು ಬೈಬಲ್’ ಉಪನ್ಯಾಸ ಮಾಡಿದ. ಹೋಲಿಕೆ ಇರುವುದು ನಿಜ. ಹೀಬ್ರೂವಿನ ‘ತೆಹೋಮ್’ ಎಂಬ ಆಳನೀರಿಗೂ ಬ್ಯಾಬಿಲೋನಿನ ಕಡಲದೇವತೆ ತಿಯಾಮತ್‌ಗೂ ಪದದ ನಂಟಿದೆ. ನಂಟು ಪತ್ತೆಯಾದ ಮೇಲೆ ವಿಮರ್ಶೆ ಶುರುವಾಗಬೇಕು. ಡೆಲಿಟ್ಷನ ಪಂಥದ ಕೈಯಲ್ಲಿ ಅದು ಅಲ್ಲಿಗೇ ಮುಗಿದುಹೋಯಿತು. ಬ್ಯಾಬಿಲೋನಿನ ಕಾವ್ಯದಲ್ಲಿ ದೇವರಾಜ ಮಾರ್ದುಕ್ ತಿಯಾಮತಳನ್ನು ಕೊಂದು, ಸೀಳಿ, ಆ ಮೈಯಿಂದ ಆಕಾಶ ಕಟ್ಟುತ್ತಾನೆ. ಅವಳ ಪಕ್ಷದಲ್ಲಿ ಸೋತ ಕಿಂಗುವಿನ ರಕ್ತದಿಂದ ಮನುಷ್ಯ ಹುಟ್ಟುತ್ತಾನೆ, ದೇವರುಗಳ ಚಾಕರಿ ಹೊರಲು. ಆದಿಕಾಂಡದ ನೀರು ಯಾರ ಹೆಣವೂ ಅಲ್ಲ. ನೆರೆಯವರು ಪೂಜಿಸುತ್ತಿದ್ದ ಸೂರ್ಯಚಂದ್ರರಿಗೆ ಅಲ್ಲಿ ಹೆಸರು ಕೂಡ ಇಲ್ಲ, ದೊಡ್ಡ ಬೆಳಕು, ಚಿಕ್ಕ ಬೆಳಕು, ಅಷ್ಟೆ. ಮೆಸೊಪೊಟೇಮಿಯದಲ್ಲಿ ದೇವರ ಪ್ರತಿರೂಪ ಎನ್ನಿಸಿಕೊಂಡವನು ಅರಸ. ಇಲ್ಲಿ ಗಂಡೂ ಹೆಣ್ಣೂ, ಇಡೀ ಮನುಷ್ಯಕುಲ. ಇದನ್ನು ನಕಲು ಎನ್ನುವ ಕಣ್ಣು ಯಾವುದು?

ಈ ಕಥೆಯನ್ನು ಓದಲು ನನಗೆ ಕಲಿಸಿದವನು ರಾಶಿ. ಫ್ರಾನ್ಸಿನ ತ್ರ್ವಾ ಪಟ್ಟಣದ ಯಹೂದಿ ವ್ಯಾಖ್ಯಾನಕಾರ, ಕಾಲ 1040–1105. ಮೊದಲ ವಚನದಲ್ಲೇ ಅವನು ತಡೆದು ನಿಲ್ಲುತ್ತಾನೆ. ನೀರು ಹುಟ್ಟಿದ ಸುದ್ದಿಯೇ ಬಂದಿಲ್ಲ, ಆಗಲೇ ನೀರಿನ ಮೇಲೆ ದೇವರ ಉಸಿರು ಸುಳಿಯುತ್ತಿದೆ. ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಇದನ್ನು ಬರೆದದ್ದಲ್ಲ ಎನ್ನುತ್ತಾನೆ. ಮನುಷ್ಯನನ್ನು ಮಾಡುವ ಮುನ್ನ ದೇವರು ಬಹುವಚನದಲ್ಲಿ ಮಾತಾಡುತ್ತಾನಲ್ಲ, ಅದು ದೇವದೂತರೊಡನೆ ನಡೆಸಿದ ಸಮಾಲೋಚನೆಯಂತೆ. ದೊಡ್ಡವನಾದವನು ಚಿಕ್ಕವರನ್ನು ಒಂದು ಮಾತು ಕೇಳಬೇಕು, ಆ ವಿನಯ ಕಲಿಸಲೆಂದೇ ಆ ಬಹುವಚನ. ದೇವರು ಹಲವರು ಎಂದು ವಾದಿಸುವವರಿಗೆ ಇದರಿಂದ ಎಡೆ ಸಿಗುತ್ತದೆಂದು ರಾಶಿಗೆ ಗೊತ್ತು. ಆದರೂ ಆ ಮಾತನ್ನು ಬಿಡುವುದಿಲ್ಲ. ಹೆಣ್ಣು ಹುಟ್ಟಿದ್ದು ಪಕ್ಕೆಲುಬಿನಿಂದ ಎಂದು ನಾವೆಲ್ಲ ಕೇಳಿದ್ದೇವೆ. ಅವನು ಆ ಹೀಬ್ರೂ ಪದಕ್ಕೆ ‘ಪಕ್ಕ’ ಎಂದು ಅರ್ಥ ಹೇಳಿ, ಗುಡಾರದ ಪಕ್ಕವನ್ನು ಹೇಳುವಾಗಲೂ ಇದೇ ಪದ ಬಂದಿದೆ ಎಂದು ತೋರಿಸುತ್ತಾನೆ. ಎಲುಬಿನ ಚೂರಿಗೂ ಇನ್ನೊಂದು ಮಗ್ಗುಲಿಗೂ ಎಷ್ಟು ದೂರ!

ನನ್ನನ್ನು ಪೂರ್ತಿ ಗೆದ್ದದ್ದು ಎರಡನೆಯ ಅಧ್ಯಾಯದ ಐದನೆಯ ವಚನಕ್ಕೆ ಅವನು ಬರೆದ ಟಿಪ್ಪಣಿ. ಹೊಲದಲ್ಲಿ ಇನ್ನೂ ಪೈರಿಲ್ಲ. ಮಳೆ ಬಂದಿಲ್ಲ, ನೆಲ ಗೇಯುವವನೂ ಇಲ್ಲ. ಮೊದಲ ಅಧ್ಯಾಯದಲ್ಲಿ ಮೂರನೆಯ ದಿನವೇ ಗಿಡಮರ ಹುಟ್ಟಿತ್ತಲ್ಲ? ಮೂಲವಿಮರ್ಶಕರು ಇಲ್ಲಿ ಇಬ್ಬರು ಲೇಖಕರನ್ನು ಕಾಣುತ್ತಾರೆ. ಇಬ್ಬರೇ ಇರಬಹುದು, ಒಪ್ಪುತ್ತೇನೆ. ರಾಶಿ ಕಾಣುವುದು ಬೇರೆ: ಮೊಳೆತ ಪೈರು ನೆಲದ ಬಾಗಿಲಿಗೆ ಬಂದು ನಿಂತಿದೆ, ಮಳೆಗಾಗಿ. ದೇವರು ಮಳೆಯನ್ನು ತಡೆದಿದ್ದಾನೆ, ಮಳೆಯ ಒಳಿತನ್ನು ಅರಿಯುವವರು ಇನ್ನೂ ಯಾರೂ ಇಲ್ಲವೆಂದು. ಆದಾಮ ಬರುತ್ತಾನೆ, ಲೋಕಕ್ಕೆ ಮಳೆ ಬೇಕೆಂದು ತಿಳಿಯುತ್ತಾನೆ, ಬೇಡುತ್ತಾನೆ. ಆಗ ಮಳೆ ಸುರಿಯುತ್ತದೆ. ಹೀಬ್ರೂವಿನಲ್ಲಿ ‘ಅದಮಾ’ ಎಂದರೆ ಮಣ್ಣು, ‘ಆದಾಮ್’ ಮಣ್ಣಿನವನು. ನಮ್ಮ ‘ಮನುಷ್ಯ’ ಶಬ್ದದಲ್ಲಿ ಆ ಮಣ್ಣಿನ ವಾಸನೆ ಇಲ್ಲ. ಮಣ್ಣಿನ ಪರವಾಗಿ ಬಾಯಿ ತೆರೆದವನು ಮಣ್ಣಿನವನೇ. ಮಾರ್ದುಕನಿಗೆ ಬೇಕಾದದ್ದು ಆಳು. ಈ ದೇವರಿಗೆ ಬೇಕಾದದ್ದು ಕೇಳುವ ಒಂದು ದನಿ, ಅದು ಬರುವವರೆಗೆ ಕಾಯುತ್ತಾನೆ.

ಈ ಟಿಪ್ಪಣಿಯ ಸಾಮಗ್ರಿಯನ್ನು ರಾಶಿ ತೆಗೆದುಕೊಂಡದ್ದು ಯಹೂದಿಗಳ ಪ್ರಾಚೀನ ಗ್ರಂಥ ತಾಲ್ಮೂದಿನಿಂದ. ಅಷ್ಟಕ್ಕೆ ಅವನು ಚಿಕ್ಕವನಾದನೆ? ವ್ಯಾಸನ ಋಣವನ್ನು ತೋರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಚ್ಚಿಡುವವನನ್ನು ನಾವು ಸಹೃದಯ ಎನ್ನುವುದಿಲ್ಲ, ಪಂಪನ ಕರ್ಣನನ್ನು ಕಂಡವರು ಹಾಗೆ ಮುಚ್ಚಿಡಲಾರರು. ಆದರೂ ನಮ್ಮ ಗೋಷ್ಠಿಗಳಲ್ಲಿ, ಪ್ರಬಂಧಗಳಲ್ಲಿ ಋಣದ ಲೆಕ್ಕವೇ ಪಾಂಡಿತ್ಯವಾಗಿ ನಡೆಯುತ್ತಿದೆ. ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ, ಬಂದದ್ದು ಏನಾಯಿತು ಎಂದು ಕೇಳುವವರಿಲ್ಲ. ಇದು ರುಚಿಯ ಬಡತನ. ಪರರ ಗ್ರಂಥದ ವಿಷಯದಲ್ಲಿ ಅದು ಅವಮರ್ಯಾದೆಯೂ ಆಗುತ್ತದೆ. ಡೆಲಿಟ್ಷನ ದಾರಿ ಎಲ್ಲಿಗೆ ಮುಟ್ಟಿತೆಂದು ನೋಡಿ: 1920ರಲ್ಲಿ ‘ದೊಡ್ಡ ವಂಚನೆ’ ಎಂಬ ಪುಸ್ತಕ ಬರೆದು, ಹೀಬ್ರೂ ಗ್ರಂಥಕ್ಕೂ ಕ್ರೈಸ್ತರಿಗೂ ಸಂಬಂಧವೇ ಬೇಡ ಎನ್ನುವಲ್ಲಿಗೆ ಬಂದ.

ರಾಶಿ ಬದುಕಿದ್ದಾಗಲೇ, 1096ರಲ್ಲಿ, ಶಿಲುಬೆಯುದ್ಧದ ದಂಡುಗಳು ಮೈನ್ಜ್, ವೋರ್ಮ್ಸ್ ಊರುಗಳ ಯಹೂದಿಗಳನ್ನು ಕೊಚ್ಚಿಹಾಕಿದವು. ಅವನು ಎಳೆಯನಾಗಿ ಓದಿದ್ದು ಆ ಊರುಗಳಲ್ಲಿ. ಅಂಥ ಕಾಲವನ್ನು ಕಂಡವನ ಟಿಪ್ಪಣಿ ಇಂದಿಗೂ ಹೀಬ್ರೂ ಪುಟದಲ್ಲಿ ಮೂಲದ ಮಗ್ಗುಲಲ್ಲೇ ಅಚ್ಚಾಗುತ್ತದೆ. ಕನ್ನಡ ಬೈಬಲ್ ಮನೆಯಲ್ಲಿದ್ದರೆ ಆ ಐದನೆಯ ವಚನವನ್ನು ತೆಗೆದು ನಿಧಾನವಾಗಿ ಓದಿ. ಬ್ಯಾಬಿಲೋನಿನ ಮಾತು ಆಮೇಲೆ ಆಡೋಣ.