ದ್ವಾರಕೆಗೆ ಮೂರು ವಯಸ್ಸು: ಎಸ್. ಆರ್. ರಾವ್ ಅವರ ಪುಸ್ತಕ ಮತ್ತೆ ಓದಿದಾಗ

ದ್ವಾರಕೆಯ ಬಗ್ಗೆ ಹರಿದಾಡುವ ಬರಹಗಳಲ್ಲಿ ಮೂರು ಸಂಖ್ಯೆಗಳು ಪದೇ ಪದೇ ಸಿಗುತ್ತವೆ: 9,500 ವರ್ಷ, 5,100 ವರ್ಷ, 3,500 ವರ್ಷ. ಎಷ್ಟೋ ಸಲ ಮೂರೂ ಒಂದೇ ಪ್ಯಾರಾದಲ್ಲಿ, ಒಂದಕ್ಕೊಂದು ಬೆಂಬಲ ಅನ್ನೋ ಹಾಗೆ ಬಂದಿರುತ್ತವೆ. ಮುಳುಗಿದ ಒಂದೇ ಊರಿಗೆ ಮೂರು ವಯಸ್ಸು ಇರೋಕೆ ಸಾಧ್ಯ ಇಲ್ಲ, ಅಲ್ವಾ? ಹಾಗಾಗಿ ಪ್ರತಿಯೊಂದೂ ಎಲ್ಲಿಂದ ಬಂತು ಅಂತ ನೋಡೋಣ. ಹೆಚ್ಚು ಹೊತ್ತು ಮೂರನೆಯದರ ಬಳಿ ನಿಲ್ಲಬೇಕು. ಅದರ ಹಿಂದೆ ಇರೋದು ನಮ್ಮವರೇ ಆದ ಡಾ. ಎಸ್. ಆರ್. ರಾವ್ ಅವರ ಜೀವಮಾನದ ದುಡಿಮೆ.

ಮೊದಲನೆಯದು ದ್ವಾರಕೆಗೆ ಸಂಬಂಧಿಸಿದ್ದೇ ಅಲ್ಲ. 2001ರಲ್ಲಿ ಖಂಭಾತ್ ಕೊಲ್ಲಿಯಲ್ಲಿ ಸೋನಾರ್ ಸಮೀಕ್ಷೆ ನಡೆದಾಗ ತಳದಿಂದ ಬಾಚಿ ತೆಗೆದ ಒಂದು ಮರದ ತುಂಡಿಗೆ ಸುಮಾರು 9,500 ವರ್ಷದ ಇಂಗಾಲ ಕಾಲಮಾನ ಬಂತು. ಆ ತುಂಡು ಯಾವ ಪದರದಲ್ಲಿತ್ತು ಅನ್ನೋದಕ್ಕೆ ದಾಖಲೆ ಇಲ್ಲ. ಉಬ್ಬರವಿಳಿತ ಅಷ್ಟು ಜೋರಾಗಿರುವ ಕೊಲ್ಲಿಯಲ್ಲಿ ಮರ ಎಲ್ಲಿಂದ ಬೇಕಾದರೂ ತೇಲಿ ಬಂದಿರಬಹುದು. ಮರದ ವಯಸ್ಸು ಹೇಳೋದು ಮರ ಯಾವಾಗ ಸತ್ತಿತು ಅಂತ ಮಾತ್ರ. ಮೇಲಾಗಿ ಖಂಭಾತ್ ಇರೋದು ಸೌರಾಷ್ಟ್ರದ ಪೂರ್ವಕ್ಕೆ, ದ್ವಾರಕೆ ಇರೋದು ಪಶ್ಚಿಮದ ತುದಿಯಲ್ಲಿ. ನಡುವೆ ಇಡೀ ಸೌರಾಷ್ಟ್ರವೇ ಇದೆ.

ಎರಡನೆಯದು ಶಾಸನಾಸಕ್ತರಿಗೆ ಚೆನ್ನಾಗಿ ಗೊತ್ತು. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ. ಅದು ಭಾರತ ಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡು ಲೆಕ್ಕ ಕೊಡುತ್ತದೆ. ಶಕ 556 ಅಂದರೆ ಕ್ರಿ.ಶ. 634. ಹಿಂದಕ್ಕೆ ಎಣಿಸಿದರೆ ಕ್ರಿ.ಪೂ. 3102, ಅಂದರೆ ಕಲಿಯುಗದ ಆರಂಭ. ಇದಕ್ಕೆ ಒಂದು ಶತಮಾನಕ್ಕೂ ಮೊದಲೇ ಆರ್ಯಭಟ ತನ್ನ ಕಾಲಕ್ಕೆ ಕಲಿಯ 3600 ವರ್ಷ ಕಳೆದಿವೆ ಎಂದು ಲೆಕ್ಕ ಇಟ್ಟಿದ್ದ. ರವಿಕೀರ್ತಿ ಬಳಸಿರೋದು ಅದೇ ಎಣಿಕೆ. ಏಳನೆಯ ಶತಮಾನದ ವಿದ್ವಾಂಸರು ಯುದ್ಧವನ್ನು ಯಾವ ಕಾಲದಲ್ಲಿ ಇಟ್ಟಿದ್ದರು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಯುದ್ಧ ನಡೆದದ್ದಕ್ಕೆ ಮಾತ್ರ ಇದು ಸಾಕ್ಷಿಯಾಗೋದಿಲ್ಲ.

ಈಗ ಮೂರನೆಯದಕ್ಕೆ ಬರೋಣ. ಶಿಕಾರಿಪುರ ರಂಗನಾಥ ರಾವ್, ಲೋಥಲ್ ಅಗೆದವರು. ದ್ವಾರಕೆಯ ದೇವಸ್ಥಾನದ ಎದುರು 1979-80ರಲ್ಲಿ ಉತ್ಖನನ ಮಾಡಿದರು. ಆಮೇಲೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲಡಿಯ ಪುರಾತತ್ತ್ವವನ್ನು ಸೊನ್ನೆಯಿಂದ ಕಟ್ಟಿದರು. ನಿವೃತ್ತಿಯ ವಯಸ್ಸು ದಾಟಿದವರು ಹೊಸದೊಂದು ಶಾಸ್ತ್ರಕ್ಕೆ ದೇಶದಲ್ಲಿ ನೆಲೆ ಒದಗಿಸೋದು ಸಣ್ಣ ಮಾತಲ್ಲ. 1999ರ ‘ದಿ ಲಾಸ್ಟ್ ಸಿಟಿ ಆಫ್ ದ್ವಾರಕಾ’ ಆ ಕೆಲಸದ ಸಾರ. ಕ್ಷೇತ್ರಕಾರ್ಯದ ಅಧ್ಯಾಯಗಳನ್ನು ಈಗ ಓದಿದರೂ ಗೌರವ ಹುಟ್ಟುತ್ತದೆ. ನನ್ನ ತಕರಾರು ಅವರು ಕಂಡದ್ದರ ಬಗ್ಗೆ ಅಲ್ಲ, ಕಂಡದ್ದನ್ನು ಜೋಡಿಸಿದ ರೀತಿಯ ಬಗ್ಗೆ.

ಪುಸ್ತಕದ ಸಾಕ್ಷಿಗಳು ಎರಡು ಜಾಗದವು. ಒಂದು, ಇಂದಿನ ದ್ವಾರಕೆಯ ಎದುರಿನ ಕಡಲು: ಕೆತ್ತಿದ ಕಲ್ಲುಗಳು, ಅರ್ಧವೃತ್ತದ ರಚನೆಗಳು, ಕಲ್ಲಿನ ಲಂಗರುಗಳು. ಇನ್ನೊಂದು, ಸುಮಾರು 30 ಕಿಲೋಮೀಟರ್ ಉತ್ತರಕ್ಕಿರುವ ಬೇಟ್ ದ್ವಾರಕಾ ದ್ವೀಪ: ಮೂರು ತಲೆಯ ಪ್ರಾಣಿಯಿರುವ ಶಂಖದ ಮುದ್ರೆ, ಬರಹವಿರುವ ಮಡಕೆ ಚೂರು, ಮತ್ತು ಸುಮಾರು 3,500 ವರ್ಷ ಹಳೆಯದೆಂದು ಉಷ್ಣದೀಪ್ತಿ ವಿಧಾನದಲ್ಲಿ ಕಾಲ ಕಟ್ಟಿದ ಮಡಕೆ. ಗಮನಿಸಿ, ಕಾಲಮಾನ ಸಿಕ್ಕಿದ್ದು ದ್ವೀಪದ ಮಡಕೆಗೆ. ಓದುಗರ ಮನಸ್ಸಲ್ಲಿ ಉಳಿಯೋದು ಕಡಲಡಿಯ ಕೋಟೆ. ದ್ವೀಪವೂ ಊರೂ ಒಂದೇ ನಗರ-ರಾಜ್ಯದ ಭಾಗ ಅನ್ನೋದು ರಾವ್ ಅವರ ವಾದ. ಆದರೆ ಆ ವಾದಕ್ಕೆ ಆಧಾರವಾಗಿ ನಿಲ್ಲೋದು ಗ್ರಂಥಗಳ ವರ್ಣನೆ. ಗ್ರಂಥವನ್ನು ಸಾಬೀತು ಮಾಡೋಕೆ ಹೊರಟಾಗ ಅದನ್ನೇ ಆಧಾರವಾಗಿ ಇಡೋ ಹಾಗಿಲ್ಲ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ, ಒಂದು ಸೇತುವೆಯ ಕಾಂಕ್ರೀಟು ಪರೀಕ್ಷೆ ಮಾಡಿ ಪಕ್ಕದ ಊರಿನ ಸೇತುವೆಗೆ ಸರ್ಟಿಫಿಕೇಟ್ ಕೊಟ್ಟ ಹಾಗೆ.

ಮುದ್ರೆಯ ವಿಷಯದಲ್ಲೂ ಇದೇ ಆಗಿದೆ. ದ್ವಾರಕೆಯ ಪ್ರಜೆಗಳು ಮುದ್ರೆ ಹೊಂದಿರಬೇಕಿತ್ತು ಎಂಬ ಹರಿವಂಶದ ಮಾತಿಗೆ ರಾವ್ ಇದನ್ನು ಜೋಡಿಸುತ್ತಾರೆ. ಮೂರು ತಲೆಯ ಪ್ರಾಣಿ ಮೊಹೆಂಜೊದಾರೊ ಮುದ್ರೆಗಳಲ್ಲೂ ಇದೆ. ಬೇಟ್ ದ್ವಾರಕೆಗೆ ಹರಪ್ಪ ಲೋಕದ ನಂಟಿತ್ತು ಅನ್ನೋದಕ್ಕೆ ಈ ಚಿಕ್ಕ ಶಂಖದ ತುಂಡು ಸಾಕು, ಅದೇ ದೊಡ್ಡ ವಿಷಯ. ಗುರುತಿನ ಚೀಟಿ ಅನ್ನೋದು ಮುದ್ರೆಯ ಮೇಲೆ ಬರೆದಿಲ್ಲ.

ಮಡಕೆ ಚೂರಿನ ಏಳು ಅಕ್ಷರಗಳನ್ನು ಸಮುದ್ರರಾಜನ ರಕ್ಷಣೆ ಬೇಡುವ ಮಾತೆಂದು ರಾವ್ ಓದುತ್ತಾರೆ. ಆ ಓದು ನಿಂತಿರೋದು ಸಿಂಧೂ ಲಿಪಿಯ ಬಗ್ಗೆ 1982ರಲ್ಲಿ ಅವರೇ ಪ್ರಕಟಿಸಿದ, ವಿದ್ವತ್‌ಲೋಕ ಒಪ್ಪದ ಓದಿನ ಮೇಲೆ. ಶಾಸನ ಓದೋಕೆ ಕಲಿಯುವಾಗ ನಾವು ರೂಢಿಸಿಕೊಳ್ಳೋ ಮೊದಲ ಶಿಸ್ತು ಏನು? ಮೊದಲು ಅಚ್ಚು, ಆಮೇಲೆ ಅಕ್ಷರ, ಕೊನೆಗೆ ಅರ್ಥ. ಅರ್ಥ ಮೊದಲೇ ತಲೆಯಲ್ಲಿದ್ದರೆ ಸವೆದ ಅಕ್ಷರವೆಲ್ಲ ಅದಕ್ಕೆ ತಕ್ಕಂತೆಯೇ ಕಾಣುತ್ತದೆ. ನಾನೂ ವೀರಗಲ್ಲುಗಳ ಮುಂದೆ ಹಾಗೆ ಮೋಸಹೋಗಿದ್ದೇನೆ.

ಇನ್ನು ಕಡಲಡಿಯ ಕಲ್ಲುಗಳು. ಅದೇ ಸಂಸ್ಥೆಯ ಎ. ಎಸ್. ಗೌರ್, ಸುಂದರೇಶ್, ಕೆ. ಎಚ್. ವೋರಾ ಮತ್ತೆ ಮುಳುಗಿ ನೋಡಿ 2004ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅವರಿಗೆ ಅಲ್ಲಿ ಕಂಡದ್ದು ಐತಿಹಾಸಿಕ ಕಾಲದ ಬಂದರು. ಲಂಗರುಗಳಲ್ಲಿ ಕೆಲವು ಮಧ್ಯಕಾಲದ ಅರಬ್ಬೀ ಸಮುದ್ರ ವ್ಯಾಪಾರದಲ್ಲಿ ಬಳಕೆಯಲ್ಲಿದ್ದ ಮಾದರಿಯವು. ಗುರುವಿನ ನಂತರ ಅದೇ ಮನೆಯವರು ಹೀಗೆ ತಿದ್ದಿದ್ದು ರಾವ್ ಕಟ್ಟಿದ ಸಂಸ್ಥೆಗೇ ಗೌರವ ಅಂತ ನನಗನ್ನಿಸುತ್ತದೆ.

ಹಾಗಾದರೆ ಶಾಸನಗಳು ದ್ವಾರಕೆಯ ಬಗ್ಗೆ ಏನೂ ಹೇಳೋದಿಲ್ವಾ? ಹೇಳುತ್ತವೆ. ಪಾಲಿತಾಣಾದಲ್ಲಿ ಸಿಕ್ಕ ಗಾರುಲಕ ಸಿಂಹಾದಿತ್ಯನ ಕ್ರಿ.ಶ. 574ರ ತಾಮ್ರಪಟದಲ್ಲಿ ದ್ವಾರಕೆಯ ಹೆಸರಿದೆ. ಅಂದರೆ ಆರನೆಯ ಶತಮಾನದ ಸೌರಾಷ್ಟ್ರದಲ್ಲಿ ಆ ಹೆಸರು ಬಳಕೆಯಲ್ಲಿತ್ತು. ಕಾಲಿಟ್ಟು ನಿಲ್ಲಬಹುದಾದ ನೆಲ ಇದು.

ನಮ್ಮಲ್ಲೂ ಇದೆ. ಹೊಯ್ಸಳರ ಶಾಸನಗಳಲ್ಲಿ ‘ದ್ವಾರಾವತೀಪುರವರಾಧೀಶ್ವರ’ ಎಂಬ ಬಿರುದು ಓದದವರು ಯಾರು? ಸೇವುಣರಿಗೂ ಅದೇ ಬಿರುದು. ಇದನ್ನೂ ದ್ವಾರಕೆಯ ಪ್ರಾಚೀನತೆಗೆ ಸಾಕ್ಷಿ ಎಂದು ಹಂಚುವವರಿದ್ದಾರೆ. ಶಿಲಾಹಾರರು ತಗರಪುರದ ಒಡೆಯರೆಂದು, ರಾಷ್ಟ್ರಕೂಟರು ಲತ್ತಲೂರಿನ ಒಡೆಯರೆಂದು ಹೇಳಿಕೊಂಡ ಹಾಗೇ ಇದೂ ವಂಶದ ಮೂಲ ಸಾರುವ ಬಿರುದು. ಮಲೆನಾಡಿನಿಂದ ಎದ್ದು ಬಂದ, ‘ಮಲೆಪರೊಳ್ಗಂಡ’ ಎಂದು ಹೆಮ್ಮೆಪಟ್ಟ ಮನೆತನ ಯದುಕುಲಕ್ಕೆ ತನ್ನನ್ನು ಸೇರಿಸಿಕೊಂಡ ಕಥೆ ಇದರಲ್ಲಿದೆ. ಆ ಬಿರುದಿನಿಂದ ಗುಜರಾತಿನ ಕಡಲಿನ ಬಗ್ಗೆ ಏನೂ ತಿಳಿಯೋದಿಲ್ಲ, ದೋರಸಮುದ್ರದ ಆಸ್ಥಾನದ ಬಗ್ಗೆ ಬಹಳ ತಿಳಿಯುತ್ತದೆ.

ಕೃಷ್ಣನ ದ್ವಾರಕೆಗೆ ನನ್ನ ಮನೆಯಲ್ಲೂ ದೀಪ ಹಚ್ಚುತ್ತಾರೆ. ಆ ದೀಪಕ್ಕೆ ಕಾಲಮಾನದ ಪ್ರಮಾಣಪತ್ರ ಬೇಕಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮುಳುಗುಗಾರರು 2025ರ ಫೆಬ್ರವರಿಯಲ್ಲಿ ಮತ್ತೆ ಆ ನೀರಿಗೆ ಇಳಿದಿದ್ದಾರೆ. ಮುಂದೆ ಬರುವ ವರದಿಗಳನ್ನು ಓದುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಈ ಕಾಲಮಾನ ಯಾವ ವಸ್ತುವಿನದು, ಅದು ಸಿಕ್ಕಿದ್ದು ಎಲ್ಲಿ? ಮುಂದಿನ ಸಲ ಯಾರಾದರೂ ಮೂರು ವಯಸ್ಸನ್ನೂ ಒಟ್ಟಿಗೆ ಕಳಿಸಿದರೆ ಜಗಳ ಬೇಡ, ಇದೇ ಪ್ರಶ್ನೆ ಕೇಳಿ.